ಗೋಡೆಯಿಂದ ಫೋಟೋ ಇಳಿಸಿದ ದೊಡ್ಡಕ್ಕ

ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಉಳಿಸಿ ಹೆಸರಾದವರು ಅನೇಕರಿದ್ದಾರೆ. ರೋಗಿಗಳನ್ನು ನೋಡಿಕೊಳ್ಳುವವರನ್ನೇ ಕೆಲಸದಲ್ಲಿ ಉಳಿಸಿಕೊಂಡವರು ಅಪರೂಪ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಟ್ರನ್, ನಮ್ಮೆಲ್ಲರ ಬಾಯಲ್ಲಿ ದೊಡ್ಡಕ್ಕ, ಆ ಅಪರೂಪದವರು.

ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸಾಗಿ ಸೇರಿದ ಅವರು ನವಜಾತ ಶಿಶುಗಳ ವಾರ್ಡನ್ನು ಕಟ್ಟಿ ಬೆಳೆಸಿ, ಮುಂದೆ ಮೇಟ್ರನ್ ಆದರು. ಹೊಸ ಹುಡುಗಿಯರು ಡಾಕ್ಟರ ಬೈಗುಳಕ್ಕೆ ಅತ್ತರೆ ಬಟ್ಟೆ ಕೋಣೆಗೆ ಕರೆದೊಯ್ದು ಮನಸಾರೆ ಅಳಲು ಬಿಡುತ್ತಿದ್ದರು. ಆಮೇಲೆ ಮುಖ ತೊಳೆಸಿ, ಚಹಾ ಕುಡಿಸಿ, ಡಾಕ್ಟರನ್ನು ವಿಚಾರಿಸಿಕೊಳ್ಳಲು ತಾವೇ ಹೊರಡುತ್ತಿದ್ದರು.

ಅವರು ಮೇಟ್ರನ್ ಆದ ಹೊಸದರಲ್ಲಿ ಇಲಾಖೆಗೆ ಸಿಬ್ಬಂದಿಯನ್ನು ಹುರಿದುಂಬಿಸುವ ಮನಸ್ಸಾಯಿತು. ತಿಂಗಳಿಗೊಬ್ಬ ಉತ್ತಮ ನರ್ಸನ್ನು ಆರಿಸಿ, ಹಾರ ಹಾಕಿ, ಆಕೆಯ ದೊಡ್ಡ ಫೋಟೋವನ್ನು ಮುಖ್ಯ ಬಾಗಿಲಲ್ಲೇ ತೂಗುಹಾಕತೊಡಗಿದರು. ವಿಚಿತ್ರವೆಂದರೆ ಫೋಟೋ ಏರಿದವರೆಲ್ಲ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ನಾನಿದ್ದ ನವಜಾತ ಶಿಶುಗಳ ವಾರ್ಡಿನಲ್ಲಂತೂ ತರಬೇತಿ ಪಡೆದ ಇನ್ನೊಬ್ಬರು ಹೋದರೆ ಬಾಗಿಲು ಹಾಕಿ, ಕೂಸುಗಳನ್ನು ದೂರದ ಊರಿಗೆ ಕಳಿಸಬೇಕು ಎನ್ನುವ ಸ್ಥಿತಿ ಬಂತು. ಆ ತಿಂಗಳ ಹಾರ ಬಿದ್ದದ್ದು ನನ್ನ ಕೊರಳಿಗೆ.

ವಾರ ಕಳೆಯುವಷ್ಟರಲ್ಲಿ ಎದುರು ರಸ್ತೆಯ ಖಾಸಗಿ ಆಸ್ಪತ್ರೆಯಿಂದ ನನಗೆ ಕೆಲಸಕ್ಕೆ ಕರೆ ಬಂತು. ಅಲ್ಲಿಯ ವ್ಯವಸ್ಥಾಪಕರು ರೋಗಿಯನ್ನು ನೋಡುವ ನೆಪದಲ್ಲಿ ಬಂದು ನಮ್ಮ ಗೋಡೆ ನೋಡಿಕೊಂಡು ಹೋಗುತ್ತಿದ್ದರಂತೆ. ನಾನು ಒಪ್ಪುವವಳೇ ಇದ್ದೆ. ಹೇಳಿದಾಗ ದೊಡ್ಡಕ್ಕ ತಡೆಯಲಿಲ್ಲ, ಸಂಬಳ ಬಿಟ್ಟು ಅಲ್ಲಿ ಇನ್ನೇನು ಸಿಗುತ್ತದೆ ಎಂದಷ್ಟೇ ಕೇಳಿದರು.

“ಬೆಳಗಿನ ಪಾಳಿ ಸಿಗತ್ತೆ ಅಕ್ಕ. ರಾತ್ರಿ ನಾನಿಲ್ಲದಿದ್ರೆ ಮಗು ನಿದ್ದೆ ಮಾಡಲ್ಲ.”

“ಅಷ್ಟೇನಾ? ಅದನ್ನ ನಾವೇ ಕೊಡಬಹುದಿತ್ತಲ್ಲೇ. ಹಾರ ಹಾಕೋ ಮುಂಚೆ ಏನು ಬೇಕು ಅಂತ ನಿನ್ನ ಒಂದು ಮಾತು ಕೇಳಬೇಕಿತ್ತು.”

ಮರುದಿನ ಅವರು ಅಧೀಕ್ಷಕರ ಕೋಣೆಗೆ ಹೋದರು. ಫೋಟೋ ತೆಗೆದರೆ ಸಿಬ್ಬಂದಿಯ ಉತ್ಸಾಹ ಕುಗ್ಗುತ್ತದೆ ಎಂದು ಸಾಹೇಬರು ರಾಗ ಎಳೆದಾಗ ದೊಡ್ಡಕ್ಕ ಹೇಳಿದ್ದು ಆಸ್ಪತ್ರೆಗೆಲ್ಲ ಬಾಯಿಪಾಠವಾಗಿದೆ: “ಸರ್, ನಾವು ಬಹುಮಾನ ಕೊಡ್ತಿಲ್ಲ, ಅಂಗಡಿ ಮುಂದೆ ಮಾಲು ಜೋಡಿಸ್ತಿದೀವಿ. ಅವರು ಒಳ್ಳೇದನ್ನ ಆರಿಸ್ಕೊಂಡು ಹೋಗ್ತಿದಾರೆ.”

ಫೋಟೋಗಳು ನಮ್ಮ ಊಟದ ಕೋಣೆಗೆ ಬಂದವು. ಉತ್ತಮರೆನಿಸಿದವರು ಮುಂದಿನ ಪಾಳಿಗಳನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳಬಹುದೆಂಬ ಹೊಸ ಬಹುಮಾನವೂ ಬಂತು. ನಾನು ಬೆಳಗಿನ ಪಾಳಿ ಹಿಡಿದಾಗ, ರಾತ್ರಿಗೆ ಯಾರು ಎಂದು ಉಳಿದವರು ಗೊಣಗಿದರು. ಮೊದಲ ವಾರ ಮೇಟ್ರನ್ನೇ ಬಂದು ರಾತ್ರಿ ಪಾಳಿಗೆ ನಿಂತರು. ಎರಡನೆಯ ವಾರ ಗೊಣಗಿದವರೇ ನಾಚಿಕೊಂಡು ಬಂದರು. ಈಗ ನನ್ನ ಮಗ ಕಾಲೇಜಿಗೆ ಹೋಗುತ್ತಾನೆ, ನಾನು ಅದೇ ವಾರ್ಡಿನಲ್ಲಿದ್ದೇನೆ. ಆ ಋಣ ದೊಡ್ಡದು.

ದೊಡ್ಡಕ್ಕ ನೂರ್ಕಾಲ ಬಾಳಲಿ, ನಿವೃತ್ತಿಯ ನಂತರ ನರ್ಸಿಂಗ್ ಶಾಲೆಯಲ್ಲಿ ಮಾಡಲು ಒಪ್ಪಿಕೊಂಡಿರುವ ಪಾಠವನ್ನು ಗಟ್ಟಿ ದನಿಯಲ್ಲೇ ಹೇಳಲಿ, ಬಿಡುವಾದಾಗ ಬಂದು ನಮ್ಮನ್ನು ಗದರಲಿ. ಅಂದಿನಿಂದ ನಮ್ಮ ವಾರ್ಡಿನ ಒಬ್ಬರೂ ಆಸ್ಪತ್ರೆ ಬಿಟ್ಟು ಹೋಗಿಲ್ಲ. ಈಗ ಮೊದಲ ಬಾರಿಗೆ ನಮ್ಮವರೊಬ್ಬರು ಹೊರಟಿದ್ದಾರೆ. ಅವರನ್ನು ಉಳಿಸಿಕೊಳ್ಳಲು ಏನು ಕೊಡಬೇಕೋ ನಮಗೆ ಯಾರಿಗೂ ತೋಚುತ್ತಿಲ್ಲ.