ತಂಗಿಗೆ ಹೇಳಿಕೊಟ್ಟ ಅಮೆರಿಕ

ನನ್ನ ತಂಗಿ ಬಿ.ಎ. ಕೊನೆಯ ವರ್ಷದ ಇತಿಹಾಸದಲ್ಲಿ ನಪಾಸಾದದ್ದು ನನ್ನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಚಳ್ಳಕೆರೆಯಲ್ಲಿ ನನ್ನನ್ನು ಬಲ್ಲವರೆಲ್ಲ ಈ ಕತೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಯಾವ ಪ್ರಶ್ನೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಪುಸ್ತಕದ ವಾಸನೆ ನೋಡಿಯೇ ಹೇಳಬಲ್ಲೆ ಎಂಬ ಜಂಬ ಬೇರೆ. "ಅಮೆರಿಕದ ವಿದೇಶಾಂಗ ನೀತಿ ಬಿಟ್ಟುಬಿಡವ್ವ, ಅದು ಬರಲ್ಲ" ಅಂದೆ. ಅವಳು ಬಿಟ್ಟಳು. ಅದೇ ಬಂತು, ಅದೂ ದೊಡ್ಡ ಪ್ರಶ್ನೆಯಾಗಿ.

ನಪಾಸಾಗಿದ್ದಕ್ಕೆ ಅವಳು ಅಳಲಿಲ್ಲ. "ಇನ್ನೊಂದು ವರ್ಷ ಹೋಯ್ತಲ್ಲಣ್ಣ" ಅಂದಳು, ಅಷ್ಟೆ. ಆ ಮಾತು ನನಗೆ ಯಾಕೆ ಚುಚ್ಚಿತು ಎಂದು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಅವಳು ಮೊಳಕಾಲ್ಮುರಿಗೆ ಸೊಸೆಯಾಗಿ ಹೋದವಳು. ಮಕ್ಕಳಿಲ್ಲ. ಗಂಡ ತೀರಿಕೊಂಡಾಗ ಮನೆ ಅವಳ ಹೆಸರಿಗೆ ಬಂತು. ಚಿಕ್ಕ ಮನೆಯೇ, ಆದರೆ ಮುಂದಿನ ಕೋಣೆಯ ಬಾಗಿಲು ನೇರ ಬೀದಿಗೆ ತೆರೆಯುತ್ತದೆ. ಅಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು, ಮಗ್ಗದಿಂದ ಬಂದ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ತಿಥಿ ಮುಗಿದ ವಾರವೇ ನಾನು ಹೋಗಿ, "ಸ್ವಲ್ಪ ದಿನ ನಮ್ಮಲ್ಲಿ ಬಂದಿರವ್ವ" ಎಂದು ಕರೆತಂದೆ. ಮನೆ ಖಾಲಿ ಬಿಟ್ಟರೆ ಹಾಳಾಗುತ್ತದೆ ಎಂದು ಗೊಬ್ಬರದ ವ್ಯಾಪಾರಿಯೊಬ್ಬನಿಗೆ ಮೂಟೆ ಇಡಲು ಕೊಟ್ಟೆ. ಅವಳನ್ನು ಕೇಳಲಿಲ್ಲ, ಹೇಳಿದೆ. ಒಂದು ಬೀಗದಕೈ ಅವನ ಹತ್ತಿರ, ಇನ್ನೊಂದು ನನ್ನ ಬೀರುವಿನಲ್ಲಿ ಉಳಿಯಿತು.

ಆಮೇಲೆ ಅವಳು ಊರಿಗೆ ಹೋಗುತ್ತೇನೆ ಎಂದಾಗಲೆಲ್ಲ ನನ್ನ ಹತ್ತಿರ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಒಂಟಿ ಹೆಂಗಸು, ಕರೆಂಟಿನ ಕಚೇರಿ, ಗಿರಾಕಿಗಳ ಕಾಟ, ನಿನಗೆ ಗೊತ್ತಾಗಲ್ಲ. ಕೊನೆಗೆ ಒಂದು ದಿನ, "ಒಂದು ಡಿಗ್ರಿ ಮಾಡ್ಕೊ, ಆಮೇಲೆ ಹೋಗುವಂತೆ" ಎಂದುಬಿಟ್ಟೆ. ಪಿಯುಸಿ ಓದಿ ನಿಲ್ಲಿಸಿದ್ದವಳು ಮತ್ತೆ ಓದಲಾರಳು ಎಂದುಕೊಂಡಿದ್ದೆ. ಅವಳು ಮರುವಾರವೇ ದೂರಶಿಕ್ಷಣದ ಅರ್ಜಿ ತಂದಳು. ಹೀಗೆ ನಲವತ್ತೈದರ ಹತ್ತಿರದ ಹೆಂಗಸು ಒಲೆಯ ಮುಂದೆ ಕೂತು ಫ್ರೆಂಚ್ ಕ್ರಾಂತಿ ಬಾಯಿಪಾಠ ಮಾಡಿದಳು. ಎಲ್ಲ ಪತ್ರಿಕೆ ಪಾಸಾಗಿ ಕೊನೆಗೆ ಉಳಿದದ್ದು ಒಂದೇ. ಅದು ಪಾಸಾದರೆ ಅವಳಿಗೆ ಅವಳ ಮನೆ.

ಎರಡನೇ ಸಲ ಯಾವುದನ್ನೂ ಬಿಡದೆ ಹೇಳಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾಡಿದ ತಪ್ಪಿಗೆ ದಂಡ ಕಟ್ಟಲೇಬೇಕಲ್ಲ.

ಮೊದಲ ಪಾಠ ನಡೆದದ್ದು ಬಸ್ಸಿನಲ್ಲಿ. ಮೊಳಕಾಲ್ಮುರಿನ ತಾಲ್ಲೂಕು ಕಚೇರಿಯಲ್ಲಿ ಅವಳ ಸಹಿ ಬೇಕಿತ್ತು, ಇಬ್ಬರೂ ಹೊರಟಿದ್ದೆವು. ಚಳ್ಳಕೆರೆ ನಿಲ್ದಾಣದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಒಂದು ಕಡೆಯಿಂದ ಬದನೆಕಾಯಿಯ ಚೀಲ ಒಳಗೆ ಬಿದ್ದವು. ನಾವು ಹೇಗೋ ಹತ್ತಿ ಕೂತೆವು.

"ನೋಡವ್ವ, ಇದೇ ನಿನ್ನ ಸಾಮ್ರಾಜ್ಯಶಾಹಿ" ಎಂದು ಶುರುಮಾಡಿದೆ. "ಇಂಗ್ಲೆಂಡು, ಫ್ರಾನ್ಸು ಎಲ್ಲ ಮೊದಲೇ ಬಂದು ಟವೆಲ್ ಹಾಕಿಬಿಟ್ಟಿದ್ವು. ಅಮೆರಿಕ ತನ್ನ ಮನೆ ಕಟ್ಕೊಳ್ಳೋದ್ರಲ್ಲೇ ಇತ್ತು. ಹೊರಗೆ ಬಂದು ನೋಡಿದ್ರೆ ಸೀಟೇ ಇಲ್ಲ. ಸಾವಿರದೆಂಟುನೂರ ತೊಂಬತ್ತೆಂಟರಾಗೆ ಮುದುಕ ಸ್ಪೇನ್ ಜೊತೆ ಜಗಳ ತೆಗೆದು, ಅದು ಕೂತಿದ್ದ ಜಾಗಕ್ಕೆಲ್ಲ ತನ್ನ ಟವೆಲ್ ಹಾಕ್ತು. ಪೋರ್ಟೊರಿಕೊ, ಗುವಾಮ್, ಫಿಲಿಪೈನ್ಸ್. ಅದೇ ವರ್ಷ ಹವಾಯಿನೂ ಸೇರಿಸ್ಕೊಂತು."

"ಚೀನಾ?"

"ಅಲ್ಲಿ ಎಲ್ಲಾರೂ ಆಗ್ಲೇ ಕೂತಿದ್ರು. ಅದಕ್ಕೆ ಅಮೆರಿಕ, ಯಾರೂ ಪೂರ್ತಿ ಸೀಟು ಹಿಡೀಬ್ಯಾಡ್ರಿ, ಸ್ವಲ್ಪ ಸರೀರಿ, ನಾನೂ ಕೂರ್ತೀನಿ ಅಂತು. ಮುಕ್ತದ್ವಾರ ನೀತಿ ಅಂದ್ರೆ ಅದು."

ಅವಳು ನಕ್ಕಳು. ನನಗೂ ನನ್ನ ಪಾಠದ ಮೇಲೆ ಅಭಿಮಾನ ಉಕ್ಕಿತು. ಅಷ್ಟರಲ್ಲಿ ದಾರಿಯಲ್ಲಿ ಸಿಗುವ ತಳಕು ಊರಿನಲ್ಲಿ ಬಸ್ಸು ನಿಂತಿತು. ಹೊರಗಿನಿಂದ ಯಾರೋ ಎಸೆದ ಕೆಂಪು ಟವೆಲ್ಲು ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕಿಯ ಮಡಿಲಿಗೆ ಬಿತ್ತು. ತೆಲುಗು ಗಡಿಯ ಕಡೆಯವಳು. ಟವೆಲ್ಲಿನ ಯಜಮಾನ ನೂಕಿಕೊಂಡು ಬಂದು, ತಾನು ಸೀಟು ಹಿಡಿದಿದ್ದೇನೆ ಎಂದು ವಾದಕ್ಕೇ ನಿಂತ.

"ಏಮಿ ನಾಯನಾ, ನಾನು ಕೂತಿರೋದು ನಿನ್ ಕಣ್ಣಿಗೆ ಕಾಣಲ್ವಾ?" ಎಂದಳು ಮುದುಕಿ, ಟವೆಲ್ಲನ್ನು ಮಡಿಚಿ ಅವನ ಕೈಗೆ ಕೊಡುತ್ತಾ. ಬಸ್ಸೆಲ್ಲ ನಕ್ಕಿತು.

ನನ್ನ ತಂಗಿ ನಗಲಿಲ್ಲ. "ಅಣ್ಣ, ಫಿಲಿಪೈನ್ಸ್‌ನಾಗೆ ಆಗ್ಲೇ ಜನ ಇದ್ರಲ್ಲ?" ಎಂದು ಕೇಳಿದಳು.

"ಇದ್ರು. ಸ್ಪೇನ್ ವಿರುದ್ಧ ಅವ್ರೂ ಹೋರಾಡಿದ್ರು. ಆಮೇಲೆ ಅಮೆರಿಕದ ವಿರುದ್ಧ ಮೂರು ವರ್ಷ ಯುದ್ಧ ಮಾಡಿದ್ರು. ಬಹಳ ಜನ ಸತ್ರು."

"ಮತ್ತೆ ಅಮೆರಿಕದೋರು ಏನಂದ್ರು?"

"ಇವ್ರಿಗೆ ಆಡಳಿತ ಮಾಡೋಕೆ ಬರಲ್ಲ, ಕಲಿಸಿಕೊಟ್ಟು ಹೋಗ್ತೀವಿ ಅಂದ್ರು." ಇದನ್ನು ನಾನು ಎಷ್ಟು ನಿರಾಳವಾಗಿ ಹೇಳಿದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೊಳಕಾಲ್ಮುರಿನಲ್ಲಿ ಸಹಿ ಮುಗಿಸಿ ಬರುವಾಗ ಅವಳ ಮನೆಯ ಬೀದಿಯಲ್ಲೇ ಬಂದೆವು. ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಸೂರಿನವರೆಗೆ ಗೊಬ್ಬರದ ಮೂಟೆ. ಹೊಲಿಗೆ ಮೆಷಿನ್ನನ್ನು ಒಂದು ಮೂಲೆಗೆ ತಳ್ಳಿ ಅದರ ಮೇಲೂ ಎರಡು ಮೂಟೆ ಪೇರಿಸಿದ್ದರು. ಅವಳು ಹೊಸ್ತಿಲ ಹೊರಗೇ ನಿಂತು ನೋಡಿದಳು. "ಬಸ್ಸು ಹೋಗ್ತೈತೆ, ಬಾ" ಎಂದೆ. ಇನ್ನೊಂದು ಬಸ್ಸು ಅರ್ಧ ಗಂಟೆಗೇ ಇತ್ತು, ಅದು ನನಗೆ ಗೊತ್ತಿತ್ತು.

ಮುಂದಿನ ದಿನಗಳಲ್ಲಿ ಪಾಠ ಭರಾಟೆಯಿಂದ ಸಾಗಿತು. ಕ್ಯೂಬಾಕ್ಕೆ ಸ್ವಾತಂತ್ರ್ಯ ಕೊಟ್ಟು ಹಿಂಬಾಗಿಲ ಚಿಲಕ ತನ್ನ ಕೈಯಲ್ಲೇ ಇಟ್ಟುಕೊಂಡದ್ದು, ಪನಾಮಾದಲ್ಲಿ ಕಾಲುವೆ ತೋಡಿದ್ದು, ಮಾತು ಮೆಲ್ಲಗೆ ಆಡುತ್ತಾ ಕೈಯಲ್ಲಿ ದೊಣ್ಣೆ ಹಿಡಿಯುವ ನೀತಿ, ಆಮೇಲೆ ದೊಣ್ಣೆಯ ಬದಲು ಡಾಲರು. ಮೊದಲ ಮಹಾಯುದ್ಧಕ್ಕೆ ಬಂದಾಗ ಅವಳು ನನಗಿಂತ ಮುಂದೆ ಓಡುತ್ತಿದ್ದಳು. "ಎರಡು ಮನೆಯೋರು ಹೊಡೆದಾಡ್ತಿದ್ರೆ ಇವ್ನು ಅಂಗಡಿ ತೆಕ್ಕೊಂಡು ಕೂತಿದ್ದ. ಜರ್ಮನಿಯೋರು ಹಡಗು ಮುಳುಗಿಸಿದ ಮೇಲೆ ಸಾವಿರದೊಂಬೈನೂರ ಹದಿನೇಳರಾಗೆ ಎದ್ದು ಬಂದ. ಅಷ್ಟೇ ತಾನೆ?" ಅಂದಳು. ಪರೀಕ್ಷೆಯಲ್ಲಿ ಹೀಗೆ ಬರೆಯಬೇಡ ಎಂದೆ, ಆದರೆ ಇದಕ್ಕಿಂತ ಚೆನ್ನಾಗಿ ನಾನೂ ಯಾವತ್ತೂ ಹೇಳಿರಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಕೊನೆಯ ಪಾಠ. ಅವಳು ಮುದ್ದೆ ತಿರುವುತ್ತಿದ್ದಳು, ನಾನು ತಟ್ಟೆಯ ಮುಂದೆ ಕೂತಿದ್ದೆ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕ ಜಗತ್ತಿಗೆ ಹೇಳಿದ ದೊಡ್ಡ ತತ್ವವನ್ನು ವಿವರಿಸಿದೆ. ಯಾವ ಜನ ಯಾರ ಆಳ್ವಿಕೆಯಲ್ಲಿ ಇರಬೇಕು ಎಂಬುದನ್ನು ಆ ಜನರೇ ತೀರ್ಮಾನಿಸಬೇಕು ಎಂಬ ತತ್ವ. ಇದನ್ನು ಹೇಳುವಾಗ ನನ್ನ ದನಿ ಯಾವಾಗಲೂ ಸ್ವಲ್ಪ ಏರುತ್ತದೆ.

"ಹಂಗಾದ್ರೆ ಫಿಲಿಪೈನ್ಸ್‌ನೋರನ್ನ ಬಿಟ್ಟುಬಿಟ್ರಾ?"

"ಇಲ್ಲ. ಸ್ಥಿರವಾದ ಸರ್ಕಾರ ನಡೆಸೋ ಯೋಗ್ಯತೆ ಬಂದ ಮೇಲೆ ಬಿಡ್ತೀವಿ ಅಂತ ಹದಿನಾರರಾಗೇ ಕಾನೂನು ಮಾಡಿದ್ರು."

"ಯೋಗ್ಯತೆ ಬಂತು ಅಂತ ಯಾರು ಹೇಳ್ಬೇಕು?"

"ಅಮೆರಿಕದೋರೇ."

"ಒಟ್ಟು ಎಷ್ಟು ವರ್ಷ ಇದ್ರು?"

"ನಲವತ್ತೆಂಟು."

ಅವಳು ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು. "ನಾನು ಬಂದು ಆರು ವರ್ಷ ಆತು, ಅಣ್ಣ" ಅಂದಳು.

ನನಗೆ ಕೆಂಡದಂಥ ಕೋಪ ಬಂತು. ಉಪ್ಪು ತಿಂದ ಮನೆಗೆ ಎರಡು ಬಗೆಯುತ್ತೀಯಾ, ನಿನಗಾಗಿ ಏನೆಲ್ಲ ಮಾಡಿದೆ, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಸಾರು ಬಡಿಸಿದಳು. ಊಟ ಬಿಟ್ಟು ಎದ್ದು ಹೋಗೋಣವೆಂದರೆ ಹಸಿವು. ಕೂತು ತಿಂದೆ. ತಿನ್ನುತ್ತಿರುವಾಗಲೇ ಹೊಳೆಯಿತು, ನನಗೆ ಕೋಪ ಬಂದದ್ದು ಅವಳ ಮಾತು ಸುಳ್ಳೆಂದಲ್ಲ, ನಿಜವೆಂದು.

ನಾನು ಮದುವೆಯಾಗದವನು. ಅವಳು ಬರುವ ಮೊದಲು ಇಪ್ಪತ್ತು ವರ್ಷ ಬಸ್ ನಿಲ್ದಾಣದ ಹೋಟೆಲಿನ ತಟ್ಟೆ ಇಡ್ಲಿ ತಿಂದಿದ್ದೆ. ಉಪಕಾರದ ಮಾತಿನ ಹಿಂದೆ ಅಮೆರಿಕಕ್ಕೆ ಮಾರುಕಟ್ಟೆ ಬೇಕಿತ್ತು, ಹಡಗುಗಳಿಗೆ ಕಲ್ಲಿದ್ದಲು ತುಂಬಿಸುವ ಬಂದರು ಬೇಕಿತ್ತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು. ನನಗೆ ಬೇಕಿದ್ದದ್ದು ಬಿಸಿ ಮುದ್ದೆ, ಒಗೆದ ಪಂಚೆ, ಸಂಜೆ ಮನೆಗೆ ಬಂದರೆ ಉರಿಯುತ್ತಿರುವ ಒಂದು ದೀಪ. ಅವಳಿಗೆ ಲೋಕ ಗೊತ್ತಿಲ್ಲ ಎಂದು ಆರು ವರ್ಷ ಹೇಳಿದ್ದೆ. ಅವಳಿಲ್ಲದೆ ಇರುವುದು ನನಗೆ ಗೊತ್ತಿರಲಿಲ್ಲ. ಆದರೆ ಇದನ್ನು ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಮೇಷ್ಟ್ರಾದವನಿಗೆ ತಪ್ಪು ತಿದ್ದಿ ಅಭ್ಯಾಸ, ಒಪ್ಪಿ ಅಭ್ಯಾಸವಿಲ್ಲ.

ಪರೀಕ್ಷೆ ಚಿತ್ರದುರ್ಗದಲ್ಲಿ. ಮಧ್ಯಾಹ್ನ ಅವಳು ವಾಪಸು ಬಂದಾಗ ಬಾಗಿಲಲ್ಲೇ ಕಾಯುತ್ತಿದ್ದೆ. ಅಮೆರಿಕ ಬಂದಿತ್ತಂತೆ, ಸಮುದ್ರ ದಾಟಿದ ವಿಸ್ತರಣೆಯಿಂದ ಮಹಾಯುದ್ಧದವರೆಗೆ ಚರ್ಚಿಸಿ ಎಂದು. "ಹೆಚ್ಚಿಗೆ ಪೇಪರ್ ಇಸ್ಕೊಂಡು ಬರೆದೆ" ಅಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ನೀರು ಕುಡಿದು, "ಅಣ್ಣ, ಬೀಗದಕೈ ಕೊಡು" ಅಂದಳು.

"ರಿಸಲ್ಟ್ ಬರಲಿ, ನೋಡಾನ."

"ಬರಲಿ. ಅಲ್ಲಿಗೂ ಬರ್ತೈತೆ, ಮೊಬೈಲ್ ಐತಲ್ಲ."

ಗೊಬ್ಬರದವನಿಗೆ ನಾನು ಹೇಳಬೇಕು, ಅವನು ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ ಎಂದೆ. ಅವನಿಗೆ ಅವಳೇ ಫೋನಿನಲ್ಲಿ ಹೇಳಿ ತಿಂಗಳಾಗಿತ್ತಂತೆ. ಹೋದ ಸೋಮವಾರ ಅವನು ಮೂಟೆಗಳನ್ನೂ ಸಾಗಿಸಿದ್ದನಂತೆ. ನಾನು ಬೀರು ತೆಗೆದು ಬೀಗದಕೈ ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಸಾಮಾನು ಹೊತ್ತುಕೊಂಡು ನಾನೂ ಜೊತೆಗೆ ಹೋದೆ. ಹೊಲಿಗೆ ಮೆಷಿನ್ ಬೆಳಕಿಗೆ ಎದುರಾಗಿ ಇಡು, ಬೋರ್ಡು ಎಡಕ್ಕೆ ಹಾಕು, ಸಾಲ ಹೇಳುವ ಗಿರಾಕಿಗಳನ್ನು ಹತ್ತಿರ ಸೇರಿಸಬೇಡ ಎಂದು ಸಲಹೆ ಸುರಿಸತೊಡಗಿದೆ. "ಕೂತ್ಕೊಳ್ಳಣ್ಣ, ಟೀ ಮಾಡ್ತೀನಿ" ಎಂದು ಚಾಪೆ ಹಾಸಿದಳು. ನೆಂಟನ ಹಾಗೆ ಕೂತೆ. ಹೊರಡುವಾಗ ಅವಳು ಬಸ್ಸಿನವರೆಗೂ ಬಂದಳು.

"ಇನ್ಮೇಲೆ ಬರೋ ಮುಂಚೆ ಒಂದು ಫೋನ್ ಮಾಡಿ ಬಾ ಅಣ್ಣ" ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಅದಕ್ಕೇ ಹೆಚ್ಚು ನೋವಾಯಿತು. ಚಳ್ಳಕೆರೆಯವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ರಿಸಲ್ಟ್ ಬಂತು, ಅವಳು ಪಾಸಾದಳು. ನನಗೆ ಹೇಳಿದ್ದು ಅವಳೇ, ಫೋನಿನಲ್ಲಿ. ಆ ಖುಷಿಯಲ್ಲಿ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದವರೆಗೂ ಹೋಗಿಬಿಟ್ಟಿದ್ದೆ. ಬಸ್ಸು ನಿಂತಿತ್ತು, ಸೀಟೂ ಖಾಲಿ ಇತ್ತು. ಅಲ್ಲೇ ನಿಂತು ಫೋನ್ ಮಾಡಿದೆ.

"ನಾಳೆ ಬರ್ಲೇನವ್ವ?" ಎಂದು ಕೇಳಿದೆ. ಇಂದು ಎನ್ನಲು ಧೈರ್ಯವಾಗಲಿಲ್ಲ.

ಅವಳ ಹಿಂದೆ ಮೆಷಿನ್ನಿನ ಸದ್ದು ಕೇಳುತ್ತಿತ್ತು, ಯಾರೋ ಹೆಣ್ಣುಮಗಳು ಹೊಲಿಗೆ ಕಲಿಯುತ್ತಿದ್ದಳು ಅಂತ ಕಾಣುತ್ತದೆ.

"ಈ ವಾರ ಬ್ಯಾಡ ಅಣ್ಣ, ಮದುವೆ ಸೀರೆಗಳು ಬಂದವೆ. ಬರೋ ವಾರ ಬಾ."

"ಆಗಲವ್ವ" ಅಂದೆ. ಬೇಜಾರಾಯಿತು. ಬರೋ ವಾರ ಹೋದೆ.