ಹದಿನಾಲ್ಕನೇ ನಂಬರಿನ ಯಜಮಾನರು

ಹಿಟ್ಟಿನ ಡಬ್ಬಕ್ಕೆ ಕಿವಿ ಇಟ್ಟು ಕೇಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ರುಬ್ಬಿಟ್ಟ ದೋಸೆಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬದ ಮೇಲೆ ಬಾಗಿ, ಕಣ್ಣು ಮುಚ್ಚಿ, ಒಳಗೆ ಯಾರೋ ಗುಟ್ಟು ಹೇಳುತ್ತಿರುವ ಹಾಗೆ ಆಲಿಸುತ್ತಿದ್ದರು. ಹುಳಿ ಬರುವಾಗ ಗುಳ್ಳೆ ಒಡೆಯುವ ಸದ್ದು ಇರುತ್ತದಂತೆ. ನಾನೂ ಒಮ್ಮೆ ಕಿವಿ ಇಟ್ಟೆ. ಫ್ರಿಜ್ಜಿನ ಮೋಟರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. "ನಿಂಗೆ ಅಕ್ಕಿ ಮಾರುಕ್ ಗೊತ್ತಿತ್ತ್ ಮಾರಾಯ, ಅಕ್ಕಿ ಹೇಳುದ್ ಕೇಂಬುಕ್ ಗೊತ್ತಿಲ್ಲೆ" ಅಂದು ನಕ್ಕರು.

ಅವರು ಪದ್ಮನಾಭ ಐತಾಳರು, ಕುಂದಾಪುರದ ಕಡೆಯವರು. ಎಲ್ಲರಿಗೂ ಪದ್ದಣ್ಣ. ಆಮ್ಸ್ಟರ್‌ಡ್ಯಾಮಿನಿಂದ ಎನ್ಸ್‌ಕೆಡೆಯವರೆಗೆ ಆರು ಊರುಗಳಲ್ಲಿ 'ಪದ್ದಣ್ಣ' ಅಂತಲೇ ಬೋರ್ಡು ಹಾಕಿದ ಆರು ಹೋಟೆಲುಗಳಿದ್ದವು. ವಾಗೆನಿಂಗನ್ನಿನ ಯೂನಿವರ್ಸಿಟಿಯ ನಮ್ಮ ಹುಡುಗರು ಎರಡು ಟ್ರೈನು ಬದಲಿಸಿ ಬಂದು ತಿಂದು ಹೋಗುತ್ತಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಜನ ಅವರಿಗೆ ಚಕ್ರವರ್ತಿ ಅಂತ ಹೆಸರಿಟ್ಟಿದ್ದರು. ತಮಾಷೆಗೆ ಇಟ್ಟದ್ದು. ಪದ್ದಣ್ಣ ಅದನ್ನು ತಮಾಷೆ ಅಂತ ಯಾವತ್ತೂ ತಿಳಿಯಲಿಲ್ಲ. ಬಾಗಿಲ ಬಳಿ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತು, ವಾಪಸು ಬರುವ ತಟ್ಟೆಗಳನ್ನು ನೋಡುವರು. ಯಾರ ತಟ್ಟೆಯಲ್ಲಾದರೂ ದೋಸೆ ಉಳಿದಿದ್ದರೆ ಆ ಟೇಬಲ್ಲಿಗೆ ತಾವೇ ಹೋಗಿ, ಎಂತ ಕಮ್ಮಿ ಆಯ್ತು ಅಂತ ಕೇಳುವರು. ಡಚ್ಚರು ಹೆದರಿ ಉಳಿದದ್ದನ್ನೂ ತಿಂದುಬಿಡುತ್ತಿದ್ದರು.

ನಾನು ದಾವಣಗೆರೆಯವನು. ಈ ದೇಶಕ್ಕೆ ಎರಡು ಸೂಟ್‌ಕೇಸು ಹಿಡಿದು ಬಂದು, ಬೇರೆಯವರ ಗೋದಾಮಿನಲ್ಲಿ ಮೂಟೆ ಹೊತ್ತು, ಈಗ ಆಮ್ಸ್ಟರ್‌ಡ್ಯಾಮಿನ ಸ್ಲೋಟರ್‌ಡೈಕಿನಲ್ಲಿ ನನ್ನದೇ ಗೋದಾಮು ಮಾಡಿಕೊಂಡಿದ್ದೇನೆ. ಆರೂ ಅಡುಗೆಮನೆಗಳಿಗೆ ಅಕ್ಕಿ, ಉದ್ದು, ಮೆಂತ್ಯ ಎಲ್ಲ ನನ್ನದೇ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಹೋಟೆಲು ಆರಾದದ್ದು ಪಾಲುದಾರರ ದುಡ್ಡಿನಿಂದ. ಅವರಲ್ಲಿ ಮುಖ್ಯ ಮೈಸೂರಿನ ಶ್ರೀಧರ. ಹಿಂದೆ ಆಮ್ಸ್ಟರ್‌ಡ್ಯಾಮಿನ ದೊಡ್ಡ ಆಫೀಸುಗಳ ಬಡಾವಣೆ ಜೌಡಾಸಿನ ಬ್ಯಾಂಕೊಂದರಲ್ಲಿದ್ದ, ಬಲು ಸೌಮ್ಯ ಮಾತಿನ ಮನುಷ್ಯ. ಆತ ಎಲ್ಲ ಊರಿಗೂ ಒಂದೇ ಕಡೆ ಮೆಷೀನಿನಲ್ಲಿ ಹಿಟ್ಟು ರುಬ್ಬಿಸಿ, ತಣ್ಣಗಿನ ವ್ಯಾನಿನಲ್ಲಿ ಕಳಿಸುವ ವ್ಯವಸ್ಥೆ ಮಾಡಿದ. ಲೆಕ್ಕಕ್ಕೆ ಸರಿಯಾದ ಕೆಲಸ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಪದ್ದಣ್ಣ ಡಬ್ಬಕ್ಕೆ ಕಿವಿ ಇಟ್ಟರು. ಹಿಟ್ಟು ಸತ್ತಿದೆ ಅಂದರು. ಶನಿವಾರ ಮಧ್ಯಾಹ್ನ, ಗಿರಾಕಿಗಳು ತುಂಬಿರುವಾಗ, ಅಷ್ಟನ್ನೂ ಮೋರಿಗೆ ಸುರಿದು ಬಾಗಿಲು ಹಾಕಿಸಿದರು. ಹೀಗೆ ಮೂರು ಊರುಗಳಲ್ಲಿ ಮಾಡಿದರು. ಮೂರನೇ ಸಲಕ್ಕೆ ಪಾಲುದಾರರು ಸಭೆ ಸೇರಿ, ಅವರನ್ನು ಹೊರಗೆ ಹಾಕುವುದಕ್ಕೆ ಕೈ ಎತ್ತಿ ಮತ ಹಾಕಿದರು. ಅಲ್ಲಿಗೆ ಅವರ ರಾಜ್ಯ ಮುಗಿಯಿತು.

ನೋಟಾರಿಸ್ ಕಚೇರಿಗೆ ಅವರು ನನ್ನನ್ನು ಕರೆದುಕೊಂಡು ಹೋದರು. ಕಾಗದಪತ್ರ ಮಾಡುವ ಜಾಗ ಅದು, ಅಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಕತ್ತು ಕುಯ್ಯುತ್ತಾರೆ. ಹತ್ತು ವರ್ಷ ನೆದರ್ಲೆಂಡ್ಸಿನಲ್ಲಿ ಎಲ್ಲೂ ಹೋಟೆಲು ತೆರೆಯಬಾರದು ಅಂತ ಶ್ರೀಧರ ಬರೆಸಿದ್ದ. ನಾನು ಒಂದೂವರೆ ಗಂಟೆ ಎಳೆದೆ. ಕೊನೆಗೆ, ಬರೀ ನೆಲಭಾಗಕ್ಕೆ ಅನ್ವಯ ಅಂತ ಬರೆಯಿರಿ, ಉತ್ತರದ ದ್ವೀಪಗಳನ್ನು ಬಿಡಿ, ಅಲ್ಲಿ ಕುರಿಗಳಿಗೆ ಯಾರು ದೋಸೆ ಹುಯ್ಯುತ್ತಾರೆ ಅಂದೆ. ಎಲ್ಲರೂ ನಕ್ಕರು, ದ್ವೀಪಗಳನ್ನು ಬಿಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮುಂದಿನ ಸಾಲನ್ನು ಸರಿಯಾಗಿ ಓದಲಿಲ್ಲ. 'ಪದ್ದಣ್ಣ' ಅನ್ನುವ ಹೆಸರು ಕಂಪನಿಯದು, ಐತಾಳರು ಅದನ್ನು ಯಾವ ಆಹಾರ ವ್ಯಾಪಾರಕ್ಕೂ, ಎಲ್ಲಿಯೂ ಬಳಸುವಂತಿಲ್ಲ ಅಂತ ಇತ್ತು. ಪದ್ದಣ್ಣ ಪೆನ್ನು ಕೆಳಗಿಟ್ಟರು. ಹೆಸರು ಮಾತ್ರ ಬಿಡುವುದಿಲ್ಲ ಅಂದರು.

ನಾನು ಅವರನ್ನು ಕಾಫಿ ಮೆಷೀನಿನ ಹತ್ತಿರ ಕರೆದುಕೊಂಡು ಹೋದೆ. "ಹೆಸರು ಊಟಕ್ಕೆ ಬರಲ್ಲ ಅಣ್ಣ. ಬೋರ್ಡಿನ ಮೇಲಿನ ಮೂರು ಅಕ್ಷರಕ್ಕೆ ಕೋರ್ಟು ಹತ್ತಿ ಮನೆ ಕಳ್ಕೋಬೇಡಿ, ಸೈನ್ ಹಾಕಿ" ಅಂದೆ. ಅವರು ನನ್ನ ಮುಖವನ್ನೇ ನೋಡಿ, ಒಳಗೆ ಹೋಗಿ ಸೈನ್ ಹಾಕಿದರು. ಟ್ರಾಮಿನಲ್ಲಿ ವಾಪಸು ಬರುವಾಗ ನಾನೊಬ್ಬನೇ ಮಾತಾಡಿದೆ.

ದ್ವೀಪದ ಮಾತು ನಾನು ಹೇಳಿದ್ದು ಚೌಕಾಸಿಗೆ. ಅವರು ನಿಜವಾಗಿ ಹೋದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ತಡೆಯುವವರು ಯಾರು? ಡೆನ್ ಹೆಲ್ಡರ್‌ವರೆಗೆ ಟ್ರೈನು, ಅಲ್ಲಿಂದ ಇಪ್ಪತ್ತು ನಿಮಿಷ ಫೆರಿ. ಟೆಕ್ಸೆಲ್ ದ್ವೀಪದಲ್ಲಿ ಮರಳುದಿಬ್ಬದ ಹಿಂದೆ ಒಂದು ರಜಾ ಪಾರ್ಕು. ಅದರಲ್ಲಿ ಹಿಂದೆ ಆಲೂಗಡ್ಡೆ ಕರಿಯುತ್ತಿದ್ದ ಮರದ ಶೆಡ್ಡನ್ನು ಹಿಡಿದರು. ನೋಂದಣಿ ಫಾರಮ್ಮಿನಲ್ಲಿ ಅಂಗಡಿಯ ಹೆಸರು ಅನ್ನುವ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗಲಿಲ್ಲ. ಬೇರೆ ಏನಾದರೂ ಒಳ್ಳೆ ಹೆಸರು ಇಡಿ ಅಂತ ನಾನು ಇಪ್ಪತ್ತು ಹೆಸರು ಸೂಚಿಸಿದೆ. ಶೆಡ್ಡಿನ ನಂಬರು ಹದಿನಾಲ್ಕು, ಅದನ್ನೇ ಬರೆದರು. ಬಾಗಿಲ ಮೇಲೆ ಬರೀ ಹಲಗೆ, ಅದರಲ್ಲೊಂದು ಅಂಕಿ.

ಬೇಸಿಗೆಯಲ್ಲಿ ಜರ್ಮನ್ ಪ್ರವಾಸಿಗಳು ಬಂದು ದೋಸೆಯನ್ನು ಪ್ಯಾನ್‌ಕೇಕು ಅಂದುಕೊಂಡು ಸಕ್ಕರೆ ಕೇಳುವರು. ಪದ್ದಣ್ಣ ಕೊಡುತ್ತಿರಲಿಲ್ಲ. ಒಬ್ಬಾಕೆ ತನ್ನ ಚೀಲದಿಂದಲೇ ಸಕ್ಕರೆ ತೆಗೆದಾಗ ಅವಳ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರಂತೆ. ಅಕ್ಟೋಬರ್ ಮುಗಿದರೆ ಪಾರ್ಕಿನಲ್ಲಿ ನರಪಿಳ್ಳೆ ಇಲ್ಲ, ಗಾಳಿ ಮಾತ್ರ. ಆಗಲೂ ದಿನಾ ಮಧ್ಯಾಹ್ನ ಉದ್ದು ನೆನೆಹಾಕುವರು, ರುಬ್ಬುವರು. ಮಾರನೆಯ ದಿನ ಯಾರೂ ಬಾರದೆ ಉಳಿದ ಹಿಟ್ಟನ್ನು ಬೇಲಿಯಾಚೆ ಕುರಿಗಳಿಗೆ ಸುರಿಯುವರು. ಚಳಿಗಾಲ ಅಂಗಡಿ ಮುಚ್ಚಿ ಊರಿಗೆ ಹೋಗಿ ಬನ್ನಿ ಅಂತ ಹೇಳಿದೆ. ವ್ಯಾಪಾರಿಯಾಗಿ ಕೊಟ್ಟ ಸರಿಯಾದ ಸಲಹೆ. "ಹಿಟ್ಟ್ ರಜೆ ತಕಂತಿಲ್ಲೆ" ಅಂದರು, ಅಷ್ಟೇ.

ಕಂಪನಿಯ ವಾರ್ಷಿಕೋತ್ಸವಕ್ಕೆ ಕರೆಯುವ ಲಕೋಟೆಯನ್ನು ಒಂದು ಸಲ ಶ್ರೀಧರ ನನ್ನ ಕೈಯಲ್ಲೇ ಕೊಟ್ಟು ಕಳಿಸಿದ. ಮೇಲೆ ಚೆಂದವಾಗಿ ಅಚ್ಚಾಗಿತ್ತು, 'ಶ್ರೀ ಪಿ. ಐತಾಳ, ಮಾಜಿ ಮುಖ್ಯ ಅಡುಗೆಯವರು' ಅಂತ. ಪದ್ದಣ್ಣ ಅದನ್ನು ದೂರ ಹಿಡಿದು ಓದಿ ವಾಪಸು ನನ್ನ ಜೇಬಿಗೇ ಇಟ್ಟರು. ಒಡೆದು ನೋಡಿ, ಊಟಕ್ಕೆ ಕರೆದಿದ್ದಾರೆ, ಈ ನೆಪದಲ್ಲಿ ಮಾತು ಬೆಳೆಸಬಹುದು ಅಂತ ನಾನು ಬುದ್ಧಿ ಹೇಳಿದೆ. "ಅಡುಗೆಯವಂಗೆ ಬಂದ ಕಾಗ್ದ ಯಜಮಾನ ಒಡುದಾ?" ಅಂದರು. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನನಗೆ ನಗು ಬಂತು, ನಗಲಿಲ್ಲ.

ಐದನೇ ಚಳಿಗಾಲದಲ್ಲಿ ಅವರ ಎದೆ ಕೈಕೊಟ್ಟಿತು. ಡಾಕ್ಟರು ಎರಡು ತಿಂಗಳೋ ಮೂರು ತಿಂಗಳೋ ಅಂದಿದ್ದರು. ಒಂದು ದಿನ ಶೆಡ್ಡಿಗೆ ಅಕ್ಕಿ ಮೂಟೆ ಇಳಿಸಿ ಕೂತಿದ್ದೆ. ಪದ್ದಣ್ಣ ಉಸಿರು ಹಿಡಿದು ಹಿಡಿದು ಮಾತಾಡಿದರು. "ಶ್ರೀಧರನ್ ಹತ್ರ ನೀನ್ ಒಂದ್ ಮಾತ್ ಕೇಣ್. ಹೋಟ್ಲ್ ಬೇಡ, ದುಡ್ಡ್ ಬೇಡ. ಈ ಬಾಗ್ಲಿಗೆ ನನ್ ಹೆಸರಿನ್ ಬೋರ್ಡ್ ಒಂದ್ ಹಾಕುಕ್ ಬಿಡ್ಲಿ. ಒಂದ್ ಸಲ ನಾ ಅದ್ರ್ ಅಡಿ ನಿಲ್ಕ್." ಅವರು ನನ್ನಲ್ಲಿ ಬೇಡಿದ್ದು ಅದೊಂದೇ ಸಲ. ಕೇಳುತ್ತೇನೆ ಅಂದೆ.

ನಾನು ಕೇಳಲಿಲ್ಲ.

ಆ ತಿಂಗಳೇ ಆರೂ ಅಡುಗೆಮನೆಗಳ ಅಕ್ಕಿಯ ಗುತ್ತಿಗೆ ಮತ್ತೆ ಬರೆಯುವುದಿತ್ತು. ಒಬ್ಬ ಗುಜರಾತಿ ವ್ಯಾಪಾರಿ ಆಗಲೇ ಶ್ರೀಧರನ ಬಾಗಿಲು ತಟ್ಟಿದ್ದ. ಸ್ವಂತ ಕೆಲಸ ಆಗಬೇಕಾದಾಗ ಅದೇ ಬಾಗಿಲಲ್ಲಿ ಇನ್ನೊಬ್ಬರ ಪರವಾಗಿ ಉಪಕಾರ ಕೇಳಬಾರದು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ. ಹೆಸರನ್ನು ಬಿಟ್ಟುಕೊಡಲು ಶ್ರೀಧರ ದೊಡ್ಡದೇನನ್ನೋ ಕೇಳುತ್ತಾನೆ, ಅದನ್ನು ನನ್ನ ಅಕ್ಕಿಯ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ ಅಂತ ಲೆಕ್ಕ ಹಾಕಿದೆ. ಗುತ್ತಿಗೆ ಮುಗಿಯಲಿ, ಆಮೇಲೆ ಕೇಳಿದರಾಯಿತು ಅಂದುಕೊಂಡೆ.

ಮುಂದಿನ ಸಲ ಹೋದಾಗ, ಮಾತು ನಡೀತಿದೆ ಅಂದೆ. ಅವರ ಮುಖ ಅರಳಿತು. ಎಂತ ಹೇಳ್ರ್, ಯಾರೆಲ್ಲ ಇದ್ದಿರ್ ಅಂತ ಒಂದೊಂದಾಗಿ ಕೇಳಿದರು. ಏನಾದರೂ ಹೇಳಬೇಕಲ್ಲ, ಬೋರ್ಡಿನ ಅಳತೆ ಕೇಳಿದ್ದಾರೆ ಅಂತ ಬಾಯಿಗೆ ಬಂದದ್ದು ಹೇಳಿದೆ. ಅದರ ಮುಂದಿನ ವಾರ ಹೋದರೆ, ನಿಲ್ಲಲಾರದ ಮನುಷ್ಯ ಸ್ಟೂಲು ಹತ್ತಿ ಬಾಗಿಲ ನೆತ್ತಿಯನ್ನು ಅಳೆದಿದ್ದರು. ಕಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬೋರ್ಡು ಬರೆದಿದ್ದರು. ಒತ್ತಕ್ಷರಕ್ಕೆ ಜಾಗ ಸಾಲದೆಂದು ಎರಡು ಸಲ ಅಳಿಸಿ ತಿದ್ದಿದ ಗುರುತಿತ್ತು. ಅಕ್ಷರ ಚಿಕ್ಕದಾದರೂ ಪರವಾಗಿಲ್ಲ ಅಂತ ಶ್ರೀಧರನಿಗೆ ಹೇಳು ಅಂದರು. ಮೋರಿಗೆ ಹಿಟ್ಟು ಸುರಿಸಿದ ಮನುಷ್ಯ ಹಾಗಂದರು. ಆ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಫೆರಿ ಹತ್ತಿದೆ.

ಕೊನೆಯ ಸಲ ಕಂಡಾಗ ಅವರು ಕಿಟಕಿಯ ಪಕ್ಕ ಹಾಸಿಗೆಯಲ್ಲಿದ್ದರು, ಮೂಗಿಗೆ ಆಕ್ಸಿಜನ್ ಕೊಳವೆ. ಹುಬ್ಬು ಎತ್ತಿಯೇ ಕೇಳಿದರು. ಮುಂದಿನ ವಾರ ಅಣ್ಣ, ಮುಂದಿನ ವಾರ ಗ್ಯಾರಂಟಿ ಅಂದೆ. ಅವರು ತಲೆಯಾಡಿಸಿ, ಹೋಗು, ಫೆರಿ ತಪ್ಪುತ್ತದೆ ಅನ್ನುವ ಹಾಗೆ ಕೈ ಮಾಡಿದರು. ನಾಲ್ಕು ದಿನಕ್ಕೆ ಪಾರ್ಕಿನ ಮ್ಯಾನೇಜರು ಫೋನು ಮಾಡಿ ತಿಳಿಸಿದಳು. ಸುಡುವ ಜಾಗದಲ್ಲಿ ನಾನು, ಅವಳು, ಕುರಿ ಸಾಕುವ ಮುದುಕ ಮೂವರೇ ಇದ್ದೆವು.

ಆರೂ ಹೋಟೆಲುಗಳಲ್ಲಿ ಅವರ ಫೋಟೋ ತೂಗುಹಾಕಿ, 'ನಮ್ಮ ಪದ್ದಣ್ಣ' ಅಂತ ಕೆಳಗೆ ಬರೆಸಿದರು.

ಗುತ್ತಿಗೆ ನನಗೇ ಸಿಕ್ಕಿತು. ಸೈನ್ ಆದ ದಿನ ಶ್ರೀಧರನ ಆಫೀಸಿನಲ್ಲಿ ಕಾಫಿ ಕುಡಿಯುತ್ತ, ಇನ್ನು ಗುತ್ತಿಗೆ ಕೈತಪ್ಪುವುದಿಲ್ಲ ಅನ್ನುವ ಧೈರ್ಯಕ್ಕೆ, ಐತಾಳರು ಕೊನೆಗೆ ಕೇಳಿದ್ದನ್ನು ಹೇಳಿದೆ. ಆತ ಕಪ್ಪು ಕೆಳಗಿಟ್ಟ.

"ಟೆಕ್ಸೆಲ್ಲಿನ ಆ ಶೆಡ್ಡಿಗಾ? ಒಂದು ಇಮೇಲ್ ಹಾಕಿದ್ರೆ ಸಾಕಿತ್ತಲ್ರೀ. ಅಲ್ಲಿ ನಮಗೆ ಮಾರ್ಕೆಟ್ಟೇ ಇಲ್ಲ. ಇಟ್ಕೊಳ್ಳಿ ಅಂತಿದ್ದೆ."

ಆತ ಸುಳ್ಳು ಹೇಳುವವನಲ್ಲ. ನಾನು ಹೌದು ಸರ್ ಅಂದೆ. ಆಮೇಲೆ, ಮೊದಲನೇ ಲೋಡು ಸೋಮವಾರ ಕಳಿಸಲೋ ಮಂಗಳವಾರವೋ ಅಂತ ಕೇಳಿದೆ.