ತಲುಪದ ಪತ್ರಕ್ಕೂ ಹಸಿರು ಟಿಕ್

"ಏನಕ್ಕಾ, ಪೇಪರಲ್ಲಿ ಫೋಟೋ ಬಂದ್ಮೇಲೆ ನಾವೆಲ್ಲ ಕಣ್ಣಿಗೇ ಕಾಣಲ್ವಾ?"

ಕುಶಾಲನಗರದ ಸಂತೆಯಲ್ಲಿ ಶುಂಠಿ ಆರಿಸುತ್ತಿದ್ದೆ. ತಲೆಯೆತ್ತಿದರೆ ಗುರುತಿಲ್ಲದ ಹೆಂಗಸು. ಚೆಟ್ಟಳ್ಳಿಯ ಬೋಜಮ್ಮ, ಈ ಅಂಕಣದ ಓದುಗರು. ಪತ್ರಿಕೆಯ ವೆಬ್‌ಸೈಟ್‌ನಲ್ಲಿ ನನಗೆ ಮೂರು ಪತ್ರ ಬರೆದರಂತೆ. ಒಂದಕ್ಕೂ ಉತ್ತರವಿಲ್ಲ.

"ಅವ್ವನ ಆಪರೇಷನ್ ದಿನ ಒಂದು ದೀಪ ಹಚ್ಚಿ ಅಂತ ಬರೆದಿದ್ದೆ. 'ಪತ್ರ ತಲುಪಿದೆ' ಅಂತ ಹಸಿರು ಟಿಕ್ ಬಂತು. ನೀವು ಹಚ್ಚಿರ್ತೀರಿ ಅಂತ್ಲೇ ಆಸ್ಪತ್ರೇಲಿ ಒಬ್ಳೇ ಧೈರ್ಯವಾಗಿ ಕೂತಿದ್ದೆ."

ಶುಂಠಿ ಕೈಯಲ್ಲೇ ಉಳಿಯಿತು. ಆ ಪತ್ರ ನನಗೆ ಬಂದೇ ಇಲ್ಲ. (ಅವ್ವ ಹುಷಾರಾಗಿದ್ದಾರೆ. ಅದು ಕಾವೇರಮ್ಮನ ದಯೆ, ನನ್ನ ದೀಪದ್ದಲ್ಲ.)

ನಿಜ ಹೇಳಲೇ? ನಾಲ್ಕು ತಿಂಗಳಿಂದ ಯಾರ ಪತ್ರವೂ ಬಂದಿರಲಿಲ್ಲ. ಓದುಗರಿಗೆ ನಾನು ಸಾಕಾದೆ ಅಂದುಕೊಂಡಿದ್ದೆ. ಪ್ರತಿ ವಾರ ಬರೆಯುವುದು, ಕಳಿಸುವುದು, ಖಾಲಿ ಇನ್‌ಬಾಕ್ಸ್ ನೋಡಿ ಒಲೆ ಹಚ್ಚುವುದು. "ಪತ್ರ ಏನಾದ್ರೂ ಬಂತಾ?" ಎಂದು ಯಜಮಾನರು ಕೇಳಿದರೆ "ಹ್ಞೂಂ, ಬಂದಿದೆ" ಎನ್ನುತ್ತಿದ್ದೆ.

ಮನೆಗೆ ಬಂದವಳೇ ಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿದೆ. ಅವಳು ಹೇಳಿದ್ದು ಇಷ್ಟು. ನಾವೇನು ಕಳಿಸಿದರೂ ವೆಬ್‌ಸೈಟ್ ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಒಂದು ನಂಬರ್ ವಾಪಸ್ ಕೊಡಬೇಕು. ಇನ್ನೂರು ಎಂದರೆ ಕೆಲಸ ಆಯಿತು, ಹಸಿರು ಟಿಕ್ ಬರುತ್ತದೆ. ಐನೂರು ಎಂದರೆ ನಮ್ಮ ಕಡೆಯೇ ಕೆಟ್ಟಿದೆ. ಪತ್ರ ಸೇರುವ ಜಾಗ ಕೆಟ್ಟು ನಾಲ್ಕು ತಿಂಗಳಾಗಿದ್ದರೂ ಸರ್ವರ್ ಎಲ್ಲರಿಗೂ ಇನ್ನೂರು ಎನ್ನುತ್ತಲೇ ಇತ್ತು. ಐನೂರು ಎಂದಿದ್ದರೆ ಅವಳಿಗೂ ಮೊದಲ ದಿನವೇ ಗೊತ್ತಾಗುತ್ತಿತ್ತು.

"ಯಾಕಮ್ಮಾ ಹಾಗೆ?"

"ಎರರ್ ತೋರಿಸಿದ್ರೆ ಓದೋರಿಗೆ ಬೇಜಾರಾಗುತ್ತೆ ಅಂತ ಹಿಂದೆ ಯಾರೋ ಹಾಗೆ ಮಾಡಿಟ್ಟಿದ್ರು ಆಂಟಿ."

ಎಷ್ಟು ಮರ್ಯಾದಸ್ಥ ಸುಳ್ಳು! ಹಿಂದೆ ನಮ್ಮ ಪೋಸ್ಟ್‌ಮ್ಯಾನ್ ತಲುಪದ ಕಾಗದದ ಮೇಲೆ "ಬಾಗಿಲು ಹಾಕಿದೆ" ಎಂದು ಗೀಚಿ ವಾಪಸ್ ತರುತ್ತಿದ್ದರು. ಬೇಜಾರಾಗುತ್ತಿತ್ತು, ನಿಜ. ಆದರೆ ಇನ್ನೊಂದು ಬರೆಯಬೇಕೆಂದು ತಿಳಿಯುತ್ತಿತ್ತು. (ಸರ್ವರನ್ನು ಬೈಯಲು ನನಗೇನು ಬಾಯಿ? ಯಜಮಾನರಿಗೆ ನಾನು ಕೊಡುತ್ತಿದ್ದದ್ದೂ ಇನ್ನೂರೇ.)

ಈಗ ಸರಿಮಾಡಿದ್ದಾರೆ. ಹೋಗದಿದ್ದರೆ "ಪತ್ರ ತಲುಪಲಿಲ್ಲ" ಎಂದು ಕೆಂಪಕ್ಷರದಲ್ಲೇ ಬರುತ್ತದೆ. ಹಳೆಯ ಪತ್ರಗಳು ಮಾತ್ರ ಎಲ್ಲೂ ಉಳಿದಿಲ್ಲವಂತೆ. ಬೋಜಮ್ಮ ಎದುರು ನಿಂತು ಬೈದರಲ್ಲ, ಅದೇ ನನ್ನ ಪುಣ್ಯ.

ಆ ಸಂಜೆ ಅವರ ಅವ್ವನ ಹೆಸರಿನಲ್ಲಿ ದೀಪ ಹಚ್ಚಿದೆ, ತಡವಾಗಿಯಾದರೂ. ಪಕ್ಕದಲ್ಲಿ ಇನ್ನೊಂದು ಹಣತೆಗೂ ಎಣ್ಣೆ ಹಾಕಿದೆ. ಹೆಸರು ಹೇಳಲು ಬಾಯಿ ತೆರೆದರೆ, ಹೆಸರೇ ಗೊತ್ತಿಲ್ಲ.

ಆ ನಾಲ್ಕು ತಿಂಗಳಲ್ಲಿ ನನಗೆ ಬರೆದು, ಉತ್ತರ ಕಾಣದೆ ಸುಮ್ಮನಾದವರೇ, ಇನ್ನೊಮ್ಮೆ ಬರೆಯುತ್ತೀರಾ?